ಶುಕ್ರವಾರ ಹೊರಟ ದುಡ್ಡು

ಶುಕ್ರವಾರ ಬೆಳಿಗ್ಗೆ ಹೊಸಿಲಿಗೆ ಅರಿಶಿನ ಹಚ್ಚುತ್ತಿದ್ದಾಗ ತಂಗಿಯ ಮೆಸೇಜು ಮತ್ತೆ ಬಂತು. ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಹೋದವಳಿಗೆ ಮೊದಲ ಸಂಬಳ ಇನ್ನೂ ಬಂದಿರಲಿಲ್ಲ. ಇವತ್ತೇ ಅಡ್ವಾನ್ಸ್ ಕಟ್ಟದಿದ್ದರೆ ಅವಳು ನೋಡಿಟ್ಟ ರೂಮು ಬೇರೆಯವರ ಪಾಲಾಗುತ್ತಿತ್ತು.

ದುಡ್ಡೇನೋ ಇತ್ತು. ಆದರೆ ನಮ್ಮ ಯಜಮಾನರು ಅದನ್ನು ಕಳಿಸೋಕೆ ಅಗ್ಗದ ದಾರಿ ಹುಡುಕುತ್ತಲೇ ವಾರ ಕಳೆದಿದ್ದರು. ಬ್ಯಾಂಕಿನವರು ಶುಲ್ಕ ಜಾಸ್ತಿ ಕೇಳುತ್ತಾರೆ. ಶುಲ್ಕವೇ ಇಲ್ಲವೆಂದು ಬೋರ್ಡು ಹಾಕಿಕೊಂಡ, ವಿದೇಶಕ್ಕೆ ಹಣ ಕಳಿಸುವ ಅಂಗಡಿಯವನು ಯೂರೋ ದರವನ್ನೇ ಏರಿಸಿ ಅದನ್ನು ವಸೂಲು ಮಾಡುತ್ತಾನೆ. ಅವಳ ಕೈಗೆ ಎಷ್ಟು ಸೇರುತ್ತದೆ, ಯಾವಾಗ ಸೇರುತ್ತದೆ ಎಂದರೆ ಇಬ್ಬರೂ ತಡವರಿಸುತ್ತಾರೆ. ಕೊನೆಗೆ ಫೋನಿನ ಆ್ಯಪ್ ಒಂದೇ ಎರಡನ್ನೂ ನೇರವಾಗಿ ಹೇಳಿತು.

ಅಷ್ಟರಲ್ಲಿ ಅತ್ತೆ ಬಂದರು. "ಶುಕ್ರವಾರ ಲಕ್ಷ್ಮೀನ ಯಾರಾದ್ರೂ ಮನೆಯಿಂದ ಆಚೆ ಕಳಿಸ್ತಾರೇನಮ್ಮಾ? ನಾಳೆ ಕಳ್ಸು."

"ನಾಳೆ ಅಲ್ಲಿ ಬ್ಯಾಂಕು ರಜಾ, ಅತ್ತೆ."

"ಹಂಗಾದ್ರೆ ಸೋಮವಾರ ತಗೊಳ್ಳಲಿ."

"ಸೋಮವಾರಕ್ಕೆ ಯೂರೋ ಇಳಿದ್ರೂ ಇಳೀಬಹುದು ಕಣೆ," ಎಂದು ಯಜಮಾನರೂ ತಾಯಿಯ ಪಕ್ಷ ಸೇರಿದರು.

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಡುಗೆಮನೆಗೆ ಹೋಗಿ, ಕುಕ್ಕರ್ ಕೂಗುವಷ್ಟರಲ್ಲಿ ಕಳಿಸಿಬಿಟ್ಟೆ.

ಸಂಜೆ "ರೂಮು ಸಿಕ್ತು ಅಕ್ಕಾ" ಎಂದು ತಂಗಿ ಫೋನು ಮಾಡಿದಳು. ಅತ್ತೆ ಮುಖ ತಿರುಗಿಸಿಕೊಂಡೇ ಇದ್ದರು. ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ ಅವರಿಂದ ಎಲ್ಲ ಕೇಳಿಸಿಕೊಂಡು, ಹೂ ಮುಡಿದುಕೊಳ್ಳುತ್ತಾ ಅಂದರು:

"ಇಷ್ಟಕ್ಕೆ ಯಾಕ್ರೀ ಇಷ್ಟೊಂದು ಒದ್ದಾಟ? ಏರ್‌ಪೋರ್ಟ್ ಇಲ್ಲೇ ಐತಲ್ಲ, ಯಾರಾದ್ರೂ ಹೋಗೋರ ಕೈಲಿ ಕೊಟ್ಟು ಕಳಿಸಿದ್ರೆ ಆಗ್ತಿರ್ಲಿಲ್ವಾ?"