ಪಿಯಾನೊದ ಏಳು ಮೂಕ ಮಣೆಗಳು

ಮೇ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಪಿಯಾನೊದ ಮಣೆಗಳನ್ನು ಒಂದೊಂದಾಗಿ ಒತ್ತಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಬಿಳಿ ಐವತ್ತೆರಡು, ಕರಿ ಮೂವತ್ತಾರು. ಒತ್ತಿದರೂ ಸದ್ದು ಬಾರದವು ಏಳು.

ಬರೆದಿಡಲು ಹೇಳಿದವರು ಅಪ್ಪ. ಕಾಲುವೆ ಕಚೇರಿಯ ಗುಮಾಸ್ತರಾದ ಅವರಿಗೆ ನಾರಾಯಣಪುರದಿಂದ ಶಹಾಪುರಕ್ಕೆ ವರ್ಗವಾಗಿತ್ತು. ಪಿಯಾನೊ ಮಾತ್ರ ಅವ್ವನದು. ಪಕ್ಕದ ಕ್ವಾರ್ಟರ್ಸಿನ ಎಂಜಿನಿಯರರ ಹೆಂಡತಿ ಊರು ಬಿಡುವಾಗ ಕೊಟ್ಟುಹೋಗಿದ್ದರು. ತವರಿನ ಕಣದಲ್ಲಿ ರಾಶಿ ಮಾಡುವಾಗ ಕೇಳಿದ್ದ ಒಂದು ಹಾಡನ್ನು ಅವ್ವ ಯಾರೂ ಕಲಿಸದೆ ಎರಡು ಬೆರಳಲ್ಲಿ ನುಡಿಸುತ್ತಿದ್ದಳು. ಅದೊಂದೇ ಹಾಡು, ದಿನಕ್ಕೆ ಸರಾಸರಿ ನಾಲ್ಕು ಸಲ.

“ಏಳು ಸತ್ತಾವ. ಶಹಾಪುರದಾಗ ಇಳಿಸಿದ ಮ್ಯಾಲೆ ಎಂಟಾದ್ರ, ಅದು ನಿನ್ನ ತಮ್ಮನ ಮನಿಗೆ ಹೋಗ್ತದ ನೋಡು,” ಎಂದರು ಅಪ್ಪ, ಅವ್ವನಿಗೆ.

“ಬರ್ಲಿ ಬಿಡ್ರಿ ಮಾಮಾ, ಜ್ವಾಳ ತುಂಬಾಕ ಚಲೋ ಪೆಟ್ಟಿಗಿ,” ಎಂದ ಸುರಪುರದ ಕಡೆಯಿಂದ ಟ್ರ್ಯಾಕ್ಟರ್ ತಂದಿದ್ದ ಸೋದರಮಾವ.

“ನಿನ್ನ ಅದರಾಗ ತುಂಬಿ ಮುಚ್ಚಳ ಹಾಕ್ತೀನಿ,” ಎಂದಳು ಅವ್ವ.

ಮಾವ ಕರೆತಂದಿದ್ದ ನಾಲ್ವರೂ ಭತ್ತದ ಚೀಲ ಹೊತ್ತು ಬಲ್ಲವರು. ಮುಟ್ಟುವ ಮೊದಲೇ ಒಬ್ಬ ಕೇಳಿದ, “ಎಷ್ಟು ಚೀಲದ ತೂಕ ಅದರಿ?”

“ಮೂರು,” ಎಂದ ಮಾವ.

ಎತ್ತಿ ನಾಲ್ಕು ಹೆಜ್ಜೆ ನಡೆದ ಮೇಲೆ ತೂಕ ಕೇಳಿದವನೇ ಹಲ್ಲು ಕಚ್ಚಿಕೊಂಡು ಅಂದ, “ಚೀಲದಾಗ ಮಂದಿನೂ ಕುಂತಾರೇನ್ರಿ ಸಾವ್ಕಾರ?”

ಟ್ರೇಲರಿನಲ್ಲಿ ಪಿಯಾನೊದ ಸುತ್ತ ಮಾವ ಹೊಸ ಭತ್ತದ ಹುಲ್ಲು ತುಂಬಿದ. ಹದಿನೆಂಟು ಕಟ್ಟು. ಅಪ್ಪ ಬಸ್ಸಿಗೆ ಹೋದರು, ನಾವು ಟ್ರ್ಯಾಕ್ಟರಿನಲ್ಲಿ ಹೊರಟೆವು.

ಸುರಪುರದಲ್ಲಿ ಎಲ್ಲರೂ ಚಹಾಕ್ಕೆ ಇಳಿದೆವು. ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಮೂರು ಎಮ್ಮೆಗಳು ಟ್ರೇಲರಿಗೆ ಕತ್ತು ಚಾಚಿ ನಿಂತಿದ್ದವು. ಎಡಗಡೆ ಒಂದು ಕಡ್ಡಿಯೂ ಉಳಿದಿರಲಿಲ್ಲ. ‘ಹುಲ್ಲು, ಉಳಿದದ್ದು ಆರು ಕಟ್ಟು’ ಎಂದು ಬರೆದೆ.

“ಮೆತ್ತಗ ಇರ್ಲಿ ಅಂತ ಹೊಸಾದು ತಂದೀನಿ ಅಕ್ಕ,” ಎಂದ ಮಾವ.

“ಎಮ್ಮಿಗಿ ನಿನಗಿಂತ ಜಾಸ್ತಿ ಬುದ್ಧಿ ಅದ. ಮೆತ್ತಗಿದ್ದದ್ದ ತಿಂದಾವ,” ಎಂದು ಅವ್ವ ಟ್ರೇಲರ್ ಹತ್ತಿ, ಹುಲ್ಲಿದ್ದ ಜಾಗದಲ್ಲಿ ಪಿಯಾನೊಗೆ ಬೆನ್ನು ಕೊಟ್ಟು ಕೂತಳು.

ಮುಂದಿನ ದಾರಿಯಲ್ಲಿ ಪ್ರತಿ ತಗ್ಗಿಗೂ ಪಿಯಾನೊ ಒಳಗಿನಿಂದ ‘ಢಣ್’ ಎನ್ನುತ್ತಿತ್ತು. ನಾನು ನಲವತ್ತೊಂದರವರೆಗೆ ಎಣಿಸಿದೆ. ಒಂದೊಂದಕ್ಕೂ ಅವ್ವ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿ ಎಣಿಕೆ ಬಿಟ್ಟೆ. ಕಾಲುವೆಯ ಸೇತುವೆ ಮೇಲೆ ಒಬ್ಬ ಮುದುಕ ಸದ್ದು ಕೇಳಿ ಎದ್ದು ನಿಂತ.

“ಯಾರ ಮದಿವಿರಿ?”

“ನಮ್ಮಕ್ಕಂದ್ರಿ! ಮದುಮಗ ಬಸ್ಸಿನ್ಯಾಗ ಹೋಗ್ಯಾರ!” ಎಂದು ಮಾವ ಕೂಗಿದ. ಮುದುಕ ಅಲ್ಲಿಂದಲೇ ಕೈಮುಗಿದು ಹರಸಿದ. ಅವ್ವ ಹುಲ್ಲಿನ ಕಟ್ಟೊಂದನ್ನು ತಮ್ಮನ ತಲೆಗೆ ಎಸೆದಳು. ಉಳಿದದ್ದು ಐದು.

ಶಹಾಪುರದಲ್ಲಿ ಇಳಿಸಿ, ಒಳಗಿನ ಕೋಣೆಯಲ್ಲಿ ನಿಲ್ಲಿಸಿದ ಮೇಲೆ ನಾನು ಮತ್ತೆ ಎಂಬತ್ತೆಂಟನ್ನೂ ಒತ್ತಿದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು. ಸತ್ತಿದ್ದ ನಾಲ್ಕು ಮಣೆಗಳು ಕುಲುಕಾಟಕ್ಕೆ ಜೀವ ಪಡೆದಿದ್ದವು. ಚೆನ್ನಾಗಿದ್ದ ಮೂರು ಸತ್ತಿದ್ದವು.

“ಎಷ್ಟು ಸತ್ತಾವ?” ಎಂದು ಹೊರಗಿನಿಂದ ಅಪ್ಪ ಕೇಳಿದರು.

“ಆರು,” ಎಂದೆ.

“ಏಳಕ್ಕಿಂತ ಕಮ್ಮಿ. ಇರ್ಲಿ ಹಂಗಾದ್ರ.”

ಮಾವನಿಗೆ ಜೋಳದ ಪೆಟ್ಟಿಗೆ ತಪ್ಪಿತು. ಆದರೆ ಹೊಸದಾಗಿ ಸತ್ತ ಮೂರರಲ್ಲಿ ಒಂದು ಅವ್ವನ ಹಾಡಿನ ನಟ್ಟನಡುವಿನದು. ಅದನ್ನು ಅಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ಅವ್ವ ಕೂತು ನುಡಿಸತೊಡಗಿದಳು. ಆ ಮಣೆ ಬಂದಾಗ ಬೆರಳಿಂದ ಒತ್ತಿ, ಬಾಯಿಂದ “ಊಂ” ಎಂದು ಅಷ್ಟೇ ಸ್ವರ ಎಳೆದು ಮುಂದೆ ಹೋದಳು. ಒಂದು ಸಲವೂ ತಾಳ ತಪ್ಪಲಿಲ್ಲ.

ಹಾಡು ಮುಗಿದ ಮೇಲೆ ಹೊರಗಿನಿಂದ ಅಪ್ಪನ ದನಿ ಬಂತು. “ಆರಲ್ಲ, ಐದು. ಹಾಡಿನ ನಡುವಿಂದು ಈಗ ಸುರುವಾತು ನೋಡು. ತಿದ್ದಿ ಬರಿ.”

ಅವ್ವ ನನ್ನ ಕಡೆ ತಿರುಗಿ ನೋಡಿದಳು. ನಾನು ಆರನ್ನು ಹೊಡೆದುಹಾಕಿ ಐದು ಎಂದು ಬರೆದೆ.