ಒಳಗಿನ ಸದ್ದು

ಕೈಯಲ್ಲಿ ಪುಸ್ತಕದ ಬದಲು ತೆಂಗಿನಕಾಯಿ ಹಿಡಿದು ತರಗತಿಗೆ ಬರುತ್ತಿದ್ದ ಮೇಷ್ಟ್ರನ್ನು ನಾನು ಕಂಡಿದ್ದು ಒಬ್ಬರನ್ನೇ. ತೊಂಬತ್ತರ ದಶಕದ ಕೊನೆಯಲ್ಲಿ ಚನ್ನರಾಯಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದ ಜವರಪ್ಪನವರು. ಹಿರೀಸಾವೆಯಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದರು. ಷರಟಿನ ಭುಜಕ್ಕೆ ಸದಾ ತೆಂಗಿನ ನಾರು ಅಂಟಿರುತ್ತಿತ್ತು.

ನಮ್ಮ ಸೀಮೆಯಲ್ಲಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ವಿದೇಶಾಂಗ ನೀತಿಯ ಪಾಠ ಶುರುವಾದ ದಿನ ಅಂಥದೊಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು.

“ಸದ್ದು ಎಲ್ಲಿಂದ ಬತ್ತದಮ್ಮ?”

“ಒಳಗಿಂದ ಸಾ.”

“ಅಷ್ಟೇ ಕಣಮ್ಮ ಪಾಠ. ಮಲೇಶಿಯಾದಿಂದ ತಾಳೆ ಎಣ್ಣೆ ತರುಸ್ತೀವಿ ಅಂತ ದಿಲ್ಲಿ ಮಾತು ಕೊಡ್ತದೆ. ಎಣ್ಣೆ ಬಂದ್ರೆ ನಮ್ಮ ಕೊಬ್ರಿ ರೇಟು ಬೀಳ್ತದೆ. ಕೊಬ್ರಿ ಸೀಮೆ ಎಂಪಿ ಮುನಿಸ್ಕತಾನೆ. ನಾಕು ಎಂಪಿ ಮುನಿಸ್ಕಂಡ್ರೆ ಸರ್ಕಾರ ಅಲ್ಲಾಡ್ತದೆ. ಅತ್ಲಾಗೆ ಪ್ಯಾಟೇಲಿ ಬೋಂಡ ಕರಿಯೋರಿಗೆ ಅಗ್ಗದ ಎಣ್ಣೆ ಬೇಕು, ಅವರದೂ ಓಟೇ. ಈ ಜಗಳ ಮುಗಿಯೋಗಂಟ ಮಂತ್ರಿ ಹೊರದೇಶದೋರ ಕೈ ಕುಲುಕ್ತಾ ನಗ್ತಾ ನಿಂತಿರ್ತಾನೆ. ಅದುನ್ನೇ ಪೇಪರ್ನೋರು ವಿದೇಶಾಂಗ ನೀತಿ ಅಂತಾರೆ.”

ಗೈಡು ಉರು ಹೊಡೆಯುತ್ತಿದ್ದ ನಮಗೆ ಪ್ರಪಂಚ ಮೊದಲ ಸಲ ನಮ್ಮೂರಿನ ಅಟ್ಟಕ್ಕೆ ಬಂದು ಕೂತಿತು.

ಮರುಭೂಮಿಯಲ್ಲಿ ನಮ್ಮವರು ಅಣುಬಾಂಬು ಸಿಡಿಸಿದ ಬೇಸಿಗೆ ಕಳೆದು ಕಾಲೇಜು ತೆರೆದಾಗ, ಲಾಡು ಹಂಚಿ ಸಭೆ ಮಾಡಿದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಊರಿನ ರಾಜಕೀಯ ಮುಂದಾಳು. ಪಕ್ಕದ ದೇಶದ ಕಿವಿ ಕಿವುಡಾಯಿತು ಎಂದು ಗುಡುಗಿ ಕೂತರು. ಆಮೇಲೆ ಮೇಷ್ಟ್ರು ಎದ್ದರು.

“ಸದ್ದು ಪಕ್ಕದ ದೇಶಕ್ಕೆ ಅಂದ್ರಿ, ನಿಜವೇ. ಆದ್ರೆ ಅರ್ಧ ಸದ್ದು ನಮ್ಮನೆ ಬಾಗ್ಲಿಗೂ ಬಂದದೆ, ಓಟು ಕೇಳಾಕೆ. ಎರಡನ್ನೂ ಕೇಳುಸ್ಕಳಿ ಮಕ್ಳಾ.”

ಕಾರ್ಯದರ್ಶಿಯ ಬಾಯಲ್ಲಿ ಲಾಡು ಹಾಗೇ ನಿಂತಿತು.

ಮಾರನೆಯ ದಿನ ಪಾಠದ ನಡುವೆಯೇ ಗುಮಾಸ್ತರು ಕ್ಷಮಾಪಣೆ ಪತ್ರ ತಂದರು. ಎಲ್ಲ ಬರೆದಾಗಿತ್ತು, ರುಜು ಹಾಕಿದರೆ ಸಾಕು. ಹಾಕದಿದ್ದರೆ ಮನೆಗೆ. ಮೇಷ್ಟ್ರ ಕೆಲಸ ಕಾಯಂ ಆಗಿರಲಿಲ್ಲ. ಅವರು ನಿಧಾನವಾಗಿ ಓದಿ, ಕೆಳಗೆ ಏನೋ ಬರೆದು, ನಮಗೂ ತೋರಿಸಿದರು. “ಓದಿದೆ. ಒಪ್ಪಲಿಲ್ಲ.” ಕಾಯಿ ತೆಗೆದುಕೊಂಡು ಹೊರಟೇಹೋದರು. ತರಗತಿಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ನಾಚಿಕೆ ನನ್ನನ್ನು ವರ್ಷಗಟ್ಟಲೆ ತಿಂದಿತು.

ಕೊನೆಯ ಸಲ ಅವರನ್ನು ಕಂಡದ್ದು ಹತ್ತು ವರ್ಷದ ಮೇಲೆ, ಹಿರೀಸಾವೆಯ ಹೆದ್ದಾರಿ ಹೋಟೆಲಿನಲ್ಲಿ. ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕೆ ಮುನಿದು, ಬೆಂಬಲ ಕೊಟ್ಟಿದ್ದ ಪಕ್ಷಗಳೇ ದಿಲ್ಲಿ ಸರ್ಕಾರದ ಕೈಬಿಟ್ಟ ದಿನಗಳು. ಮೇಷ್ಟ್ರು ಬಡಕಲಾಗಿದ್ದರು, ಕಣ್ಣು ಮಾತ್ರ ಹಾಗೇ ಇತ್ತು.

“ಕೇಳುಸ್ತಾ ಸದ್ದು?” ಎಂದು ನಕ್ಕರು. ನಾನು ಅದೇ ಕಾಲೇಜಿನಲ್ಲಿ, ಅವರದೇ ಪಾಠ ಹೇಳುತ್ತಿದ್ದೇನೆ, ನನ್ನದೂ ಕಾಯಂ ಅಲ್ಲ ಎಂದೆ. ಚೀಲದಿಂದ ಒಂದು ಕಾಯಿ ತೆಗೆದುಕೊಟ್ಟರು. “ತಗಂಡೋಗು. ಒಡೀಬ್ಯಾಡ.”

ಮರುವರ್ಷ ಅವರು ತೀರಿಕೊಂಡರು. ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಅದೇ ಕಾರ್ಯದರ್ಶಿ, ತಲೆ ಪೂರ್ತಿ ನರೆತಿತ್ತು. “ಜವರಪ್ಪನೋರು ಶಿಸ್ತಿನ ಮನುಷ್ಯ, ಸಂಸ್ಥೆ ಮಾತು ಮೀರ್ದೋರಲ್ಲ” ಎಂದರು. ನನಗೆ ಮೈ ಉರಿಯಿತು. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಂತಾಗ ನಾನು ಚೀಲದಿಂದ ಕಾಯಿ ತೆಗೆದು ಜೋರಾಗಿ ಅಲ್ಲಾಡಿಸಿದೆ.

ಕಾರ್ಯದರ್ಶಿ ಕಣ್ಣು ಬಿಟ್ಟರು. “ಏನಮ್ಮ ಅದು?”

“ಮೇಷ್ಟ್ರ ಪಾಠ ಸಾ.”

ಮಾರನೆಯ ಬೆಳಿಗ್ಗೆ ಗುಮಾಸ್ತರು ನನ್ನ ತರಗತಿಗೂ ಪತ್ರ ತಂದರು. ಮಕ್ಕಳ ಎದುರೇ ಓದಿದೆ. ಕೆಳಗೆ ಏನು ಬರೆಯಬೇಕೆಂದು ಯೋಚಿಸುವ ಅಗತ್ಯವಿರಲಿಲ್ಲ, ಎರಡು ಮಾತು ಸಾಕಾಯಿತು.