ಹಣ್ಣಾಗಲೆಂದು ಕಾದ ಕಣ್ಣು

ನಾವು ಚಿಕ್ಕವರಿದ್ದಾಗ ಕಣ್ಣಿನ ಪೊರೆಯೂ ಸೀತಾಫಲದಂತೆ ಹಣ್ಣಾಗಬೇಕಿತ್ತು. ಕಾಯಿ ಇರುವಾಗ ಕೈ ಹಚ್ಚಬಾರದು ಎಂದು ಊರಿಗೆ ಊರೇ ನಂಬಿತ್ತು. ಡಾಕ್ಟರರೂ ಹಿಂದೆ ಹಾಗೇ ಹೇಳುತ್ತಿದ್ದರು. ಅವರು ಹೇಳುವುದನ್ನು ಬಿಟ್ಟ ಮೇಲೂ ನಾವು ಬಿಡಲಿಲ್ಲ.

ಆಡಕಿ ಊರಿನ ನಮ್ಮ ಮನೆಯಲ್ಲಿ ಅಪ್ಪನ ತಾಯಿ ಇದ್ದಳು. ನಾನು ಆಯಿ ಎನ್ನುತ್ತಿದ್ದೆ. ಅವಳ ಎಡಗಣ್ಣು ಸಣ್ಣವಳಿದ್ದಾಗಲೇ ಸಿಡುಬಿನಲ್ಲಿ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂದಾಗ ನಾನು ನಾಲ್ಕನೇ ಕ್ಲಾಸಿನ ಹುಡುಗಿ. ಆ ಬೇಸಿಗೆಯಲ್ಲಿ ಅಪ್ಪ ದಿನಾ ಮಧ್ಯಾಹ್ನ ಅಂಗಳದಲ್ಲಿ ನಿಂತು ಬೆರಳು ತೋರಿಸುತ್ತಿದ್ದ.

"ಅವ್ವಾ, ಎಷ್ಟ ಬಟ್ಟು ಅವ?"

"ಮೂರು."

"ಇನ್ನಾ ಹಣ್ಣಾಗಿಲ್ಲ ಬಿಡು. ಬಟ್ಟು ಕಾಣಲಾರದಂಗ ಆದ ಮ್ಯಾಲ ಸೇಡಂ ದವಾಖಾನಿಗೆ ಕರಕೊಂಡು ಹೋಗ್ತೀನಿ."

ಆಯಿಗೆ ಮೂರೂ ಕಂಡಿರಲಿಲ್ಲ, ಆರೂ ಕಂಡಿರಲಿಲ್ಲ. ಅವಳ ಹಿಂದೆ ಕೂತು ತಲೆ ಬಾಚುತ್ತಿದ್ದ ನಾನು ಅಪ್ಪ ಎಷ್ಟು ಬೆರಳು ತೋರಿಸಿದರೆ ಅಷ್ಟು ಸಲ ಬೆನ್ನಿಗೆ ತಿವಿಯುತ್ತಿದ್ದೆ. ನನಗದು ಆಟ. ಅಪ್ಪ ಅತ್ತ ಹೋದೊಡನೆ ಆಯಿ ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ, ಬೆಲ್ಲ ಕೊಡುತ್ತಿದ್ದಳು.

ಆಯಿಗೆ ಆಪರೇಷನ್ ಎಂದರೆ ಭಾರಿ ಅಂಜಿಕೆ. ಗುಂಡಗುರ್ತಿಯಲ್ಲಿದ್ದ ಅವಳ ಅಕ್ಕನಿಗೆ ಹಳೇ ರೀತಿಯ ಆಪರೇಷನ್ ಆಗಿತ್ತು. ಪೊರೆಯನ್ನು ಇಡಿಯಾಗಿ ತೆಗೆದು, ಹೊಲಿಗೆ ಹಾಕಿ, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು ವಾರವಿಡೀ ಮಲಗಿಸಿದ್ದರು. ಆಮೇಲೆ ಕೊಟ್ಟ ದಪ್ಪ ಚಷ್ಮಾದಲ್ಲಿ ದೂರ, ಹತ್ತಿರ ಒಂದೂ ತಿಳಿಯದೆ, ರೊಟ್ಟಿ ತಿರುವಲು ಹೋಗಿ ಹಂಚಿನ ಮೇಲೆ ಕೈ ಊರಿಬಿಟ್ಟಳು.

"ಅಕ್ಕನ ಗತಿ ನನಗ ಬ್ಯಾಡ. ನಿಮ್ಮಪ್ಪಗ ಹೇಳಬ್ಯಾಡ ನೋಡು ಮಗಳ," ಎನ್ನುತ್ತಿದ್ದಳು ಆಯಿ.

ಮಳೆ ಹಿಡಿಯುವ ಹೊತ್ತಿಗೆ ಕಣ್ಣು ಕೆಂಪಾಗಿ ಊದಿತು. ಆಯಿ ತಲೆ ಹಿಡಿದುಕೊಂಡು ವಾಂತಿ ಮಾಡಿದಳು. ಪಿತ್ತವೆಂದು ನನ್ನ ಅವ್ವ ಶುಂಠಿ ಕಷಾಯ ಕುಡಿಸಿದಳು. ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಅಪ್ಪ ಕಲಬುರಗಿಗೆ ಕರೆದುಕೊಂಡು ಹೊರಟ. ಆಯಿ ನನ್ನ ಕೈ ಬಿಡಲಿಲ್ಲವಾದ್ದರಿಂದ ನಾನೂ ಹೋದೆ.

ಡಾಕ್ಟರರು ಬ್ಯಾಟರಿ ಬಿಟ್ಟು ನೋಡಿದರು.

"ಪೊರಿ ಹಣ್ಣಾಗಿ ಒಳಗ ಸೋರ್ಯಾದ. ನರ ಸತ್ತದ. ಬೆಳಕು ಸೈತ ತಿಳಿಯವಲ್ದು. ಯಾಕ ಇಷ್ಟು ದಿನ ಬಿಟ್ರಿ?"

"ಹಣ್ಣಾಗಲಿ ಅಂತ ಕಾಯ್ದೆವ್ರಿ," ಎಂದ ಅಪ್ಪ.

"ಈಗ ಹಂಗ ಕಾಯಂಗಿಲ್ರಿ. ಎಳೇದಿದ್ದಾಗೇ ತೆಗೆದು ಒಳಗ ಲೆನ್ಸ್ ಕುಂದ್ರಸ್ತೀವಿ. ದಪ್ಪ ಚಷ್ಮಾನೂ ಬ್ಯಾಡ." ಸಣ್ಣ ಡಬ್ಬಿ ತೆರೆದು ತೋರಿಸಿದರು. ತೊಗರಿಬೇಳೆಯಷ್ಟು ತಿಳಿಯಾದ ಪ್ಲಾಸ್ಟಿಕ್ಕು, ಎರಡು ಬದಿಗೆ ಕೂದಲೆಳೆಯಂಥ ಕಾಲು. ಅಪ್ಪ ಅದನ್ನೇ ನೋಡುತ್ತ ನಿಂತ.

"ಮೊನ್ನಿ ತನಕ ಬಟ್ಟು ಎಣಿಸ್ಯಾಳಲ್ರೀ," ಎಂದ.

"ಈ ಕಣ್ಣಿಗೆ ಬಟ್ಟು ಕಾಣೋದು ನಿಂತು ಭಾಳ ದಿನ ಆಗ್ಯಾದ."

ಅಪ್ಪ ಆಯಿಯ ಕಡೆ ತಿರುಗಿದ. ನಾನು ಆಯಿಯ ಸೆರಗಿನ ಹಿಂದೆ ಸರಿದೆ. ಆಯಿಯೇ ಹೇಳಿದಳು: "ನಾನೇ ಅಂದಾಜಿನ ಮ್ಯಾಲ ಹೇಳ್ತಿದ್ದೆ. ಯಾರದೂ ತಪ್ಪಿಲ್ಲಪ."

ಹೋದ ವರ್ಷ ನನ್ನ ಅವ್ವನಿಗೆ ಪೊರೆಯ ಆಪರೇಷನ್ ಆಯಿತು. ಈಗಿನ ಲೆನ್ಸ್ ಮೆತ್ತಗಿದೆ. ಮಡಚಿ ಒಳಗೆ ತೂರಿಸಿದರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಹೊಲಿಗೆಯಿಲ್ಲ, ಉಸುಕಿನ ಚೀಲವಿಲ್ಲ. ಅವ್ವ ಅವತ್ತೇ ನಡೆದುಕೊಂಡು ಬಂದು ಚಹಾ ಕುಡಿದಳು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಆಯಿ ಹನ್ನೊಂದು ವರ್ಷ ಕತ್ತಲಲ್ಲಿ ಬದುಕಿದಳು. ನನ್ನ ಮದುವೆಯಲ್ಲಿ ನನ್ನ ಮುಖವನ್ನು ಕೈಯಿಂದಲೇ ಸವರಿದಳು. ಹೆತ್ತವ್ವನನ್ನು ನಾನೇ ಕುರುಡಿ ಮಾಡಿದೆ ಎಂದು ಅಪ್ಪ ಸಾಯುವ ತನಕ ಕೊರಗಿದ. ಕೊನೆಯ ದಿನಗಳಲ್ಲಿ ಅವನ ಮಂಚದ ಪಕ್ಕದಲ್ಲಿ ಇದ್ದವಳು ನಾನೇ. ಬೆನ್ನಿಗೆ ತಿವಿದದ್ದನ್ನು ಆಗಲೂ ನಾನು ಹೇಳಲಿಲ್ಲ.